ಕಬ್ಬಿಣದ ಊರಿನ ಗಾನ

ಇಂಗ್ಲೆಂಡಿನ ನಡುನಾಡಿನಲ್ಲಿರುವ ಬರ್ಮಿಂಗ್‌ಹ್ಯಾಮ್ ನಗರವನ್ನು ಸೌಂದರ್ಯಕ್ಕಾಗಿ ಅರಸಿಕೊಂಡು ಹೋಗುವ ಪ್ರವಾಸಿಗರು ವಿರಳ. ಲಂಡನ್ನಿನ ಅರಮನೆಗಳನ್ನು ಕಂಡು, ಸ್ಟ್ರ್ಯಾಟ್‌ಫರ್ಡಿನಲ್ಲಿ ಶೇಕ್ಸ್‌ಪಿಯರನು ಹುಟ್ಟಿದ ಮನೆಗೆ ಕೈಮುಗಿದು ಮರಳುವವರು, ಅಲ್ಲಿಗೆ ಸಮೀಪದಲ್ಲಿಯೇ ಇರುವ ಈ ಊರನ್ನು ರೈಲಿನ ಕಿಟಕಿಯಿಂದಲೇ ನೋಡಿ ತೃಪ್ತರಾಗುವುದುಂಟು. ಆದರೆ ಇಳಿದು ನಡೆದವನಿಗೆ ಬ್ರಾಡ್ ಸ್ಟ್ರೀಟ್ ಎಂಬ ಬೀದಿಯಲ್ಲಿ ಕಾಲುವೆಯನ್ನು ದಾಟುವ ಸೇತುವೆಯೊಂದು ಎದುರಾಗುತ್ತದೆ. ಅದರ ಮೇಲೆ ಒಂದು ಲೋಹದ ಬೆಂಚು. ಬೆಂಚಿನ ಒರಗಿನ ಮೇಲೆ ನಾಲ್ವರ ಮುಖಚಿತ್ರಗಳು. ಅವರು ಮಂತ್ರಿಗಳಲ್ಲ, ಸೇನಾಪತಿಗಳಲ್ಲ. ಇದೇ ಊರಿನ ಕಾರ್ಮಿಕರ ಮಕ್ಕಳು. 2019ರಲ್ಲಿ ಈ ಸೇತುವೆಗೆ ಅವರ ವಾದ್ಯವೃಂದದ ಹೆಸರನ್ನೇ ಇಡಲಾಯಿತು: ಬ್ಲ್ಯಾಕ್ ಸ್ಯಾಬತ್.

ಇಂದು ಜಗತ್ತಿನ ತರುಣರು ಹೆವಿ ಮೆಟಲ್ ಎಂದು ಕರೆಯುವ ಸಂಗೀತದ ಮೂಲವನ್ನು ಹುಡುಕುತ್ತ ಹೊರಟವರಲ್ಲಿ ಹೆಚ್ಚಿನವರು ಈ ಸೇತುವೆಗೇ ಬಂದು ನಿಲ್ಲುತ್ತಾರೆ. ಹಿರಿಯರು ‘ಬರಿಯ ಗದ್ದಲ’ವೆಂದು ಬಾಗಿಲು ಮುಚ್ಚಿಕೊಳ್ಳುವ ಆ ಸಂಗೀತದ ಹುಟ್ಟಿನಲ್ಲಿ ಗದ್ದಲಕ್ಕಿಂತ ಹೆಚ್ಚಾದುದೇನೋ ಇದೆ. ಅದನ್ನು ತಿಳಿಯಬೇಕಾದರೆ ಮೊದಲು ಊರನ್ನು ತಿಳಿಯಬೇಕು.

ಬರ್ಮಿಂಗ್‌ಹ್ಯಾಮ್ ಲೋಹದಿಂದ ಬದುಕಿದ ಊರು. ಹದಿನೆಂಟನೆಯ ಶತಮಾನದಲ್ಲಿ ಮ್ಯಾಥ್ಯೂ ಬೌಲ್ಟನ್ ಹಾಗೂ ಜೇಮ್ಸ್ ವ್ಯಾಟ್ ಪಾಲುಗಾರರಾಗಿ ಉಗಿಯಂತ್ರಗಳ ಉದ್ಯಮವನ್ನು ನಡೆಸಿದುದು ಇಲ್ಲಿಯೇ. ಗುಂಡಿ, ಮೊಳೆ, ಆಭರಣ, ಬಂದೂಕು, ಬೈಸಿಕಲ್ಲು, ಇವು ಯಾವುವೂ ಇಲ್ಲಿಯ ಕೈಗಳಿಗೆ ಹೊಸವಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಜಗತ್ತಿನ ಬಹುಭಾಗದ ಜನ ಬರೆಯುತ್ತಿದ್ದುದು ಬರ್ಮಿಂಗ್‌ಹ್ಯಾಮಿನ ಉಕ್ಕಿನ ನಿಬ್ಬುಗಳಿಂದ. ಆ ನಿಬ್ಬುಗಳಿಗಾಗಿ ಅಲ್ಲಿ ಒಂದು ವಸ್ತುಸಂಗ್ರಹಾಲಯವೇ ಇದೆ. ತಗಡನ್ನು ಅಚ್ಚಿಗೆ ಕೊಟ್ಟು ಯಂತ್ರವು ಮೇಲಿನಿಂದ ಬಡಿದಾಗ ಏಳುವ ‘ಧಡ್, ಧಡ್’ ಎಂಬ ನಾದವು ತಲೆಮಾರುಗಳ ಕಾಲ ಈ ಊರಿನ ಹಗಲಿರುಳುಗಳಿಗೆ ತಾಳ ಹಾಕಿತು.

ಊರಿನ ಉತ್ತರಕ್ಕೆ ಆಸ್ಟನ್ ಎಂಬ ಬಡಾವಣೆ. ಒಂದಕ್ಕೊಂದು ಅಂಟಿಕೊಂಡ ಇಟ್ಟಿಗೆಯ ಚಿಕ್ಕ ಮನೆಗಳು. ಎರಡನೆಯ ಮಹಾಯುದ್ಧದ ಬಾಂಬುಗಳಿಂದ ಬಿದ್ದ ಮನೆಗಳ ಪಾಳುನಿವೇಶನಗಳು. ಯುದ್ಧ ಮುಗಿದ ಮೇಲೆ, 1948 ಮತ್ತು 1949ರಲ್ಲಿ ಹುಟ್ಟಿದ ನಾಲ್ವರು ಹುಡುಗರಿಗೆ ಆ ಪಾಳುಗಳೇ ಆಟದ ಬಯಲುಗಳಾದುವು. ಓಜಿ ಆಸ್ಬೋರ್ನನು ಕಸಾಯಿಖಾನೆಯಲ್ಲಿ ದುಡಿದನು. ಅದಕ್ಕೂ ಮೊದಲು ತಾಯಿ ಕೆಲಸಮಾಡುತ್ತಿದ್ದ ಕಾರ್ಖಾನೆಯಲ್ಲಿ ಮೋಟಾರುಗಳ ಹಾರನ್ನುಗಳನ್ನು ಶ್ರುತಿಗೂಡಿಸುತ್ತಿದ್ದನು. ಕಳವಿನ ತಪ್ಪಿಗೆ ಕೆಲವು ವಾರ ಸೆರೆಮನೆಯನ್ನೂ ಕಂಡನು. ಗೀಜರ್ ಬಟ್ಲರನು ಲೆಕ್ಕಪತ್ರದ ಕೆಲಸ ಕಲಿಯುತ್ತಿದ್ದನು. ಬಿಲ್ ವಾರ್ಡನಿಗೆ ಡ್ರಮ್ಮಿನ ಹುಚ್ಚು. ನಾಲ್ಕನೆಯವನು ಟೋನಿ ಅಯೋಮಿ. ಕಥೆಯ ಗಂಟು ಇರುವುದು ಇವನ ಬಲಗೈಯಲ್ಲಿ.

ಅಯೋಮಿ ಎಡಚ. ಆದ್ದರಿಂದ ಗಿಟಾರಿನ ತಂತಿಗಳನ್ನು ಮೆಟ್ಟುಗಳ ಮೇಲೆ ಒತ್ತುವ ಕೆಲಸ ಅವನ ಬಲಗೈಯದು. 1965ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ತಗಡಿನ ಕಾರ್ಖಾನೆಯೊಂದರಲ್ಲಿ ಬೆಸುಗೆ ಹಾಕುತ್ತಿದ್ದ ಈ ಹುಡುಗನಿಗೆ ವಾದ್ಯವೃಂದವೊಂದರೊಡನೆ ಜರ್ಮನಿಗೆ ಹೋಗುವ ಅವಕಾಶ ಬಂದಿತು. ಅವನು ಕೆಲಸಕ್ಕೆ ರಾಜೀನಾಮೆ ಕೊಟ್ಟನು. ಕೊನೆಯ ದಿನ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವನು ಮತ್ತೆ ಹೋಗುವುದಿಲ್ಲವೆಂದು ಕುಳಿತನು. ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಡಬಾರದೆಂದು ತಾಯಿ ತಿದ್ದಿ ಕಳುಹಿಸಿದಳು. ಯಾವ ತಾಯಿಯಾದರೂ ಹೇಳುವ ಮಾತೇ ಅದು. ಆ ಮಧ್ಯಾಹ್ನ ಬೇರೊಬ್ಬರು ಬಾರದಿದ್ದ ಕಾರಣ ಅವನನ್ನು ಎಂದೂ ಮುಟ್ಟಿರದ ಒತ್ತುಯಂತ್ರದ ಮುಂದೆ ನಿಲ್ಲಿಸಿದರು. ಯಂತ್ರವು ಬಡಿಯಿತು, ಗಾಬರಿಯಿಂದ ಕೈಯನ್ನು ಹಿಂದಕ್ಕೆ ಸೆಳೆದುಕೊಂಡನು. ನಡುಬೆರಳು ಮತ್ತು ಉಂಗುರಬೆರಳುಗಳ ತುದಿಗಳು ಹೋಗಿದ್ದವು.

ವೀಣೆಯ ಮನೆತನದಲ್ಲಿ ಬೆಳೆದವರಿಗೆ ಈ ನಷ್ಟದ ಆಳವನ್ನು ವಿವರಿಸಬೇಕಾಗಿಲ್ಲ. ವೈದ್ಯರು ಆಸೆ ಬಿಡೆಂದರು. ಆಗ ಕಾರ್ಖಾನೆಯ ಮೇಲ್ವಿಚಾರಕನು ಅವನ ಮನೆಗೆ ಒಂದು ಗ್ರಾಮಫೋನ್ ತಟ್ಟೆಯನ್ನು ತಂದು ಕೇಳಿಸಿದನು. ಅದು ಜ್ಯಾಂಗೋ ರೈನ್ಹಾರ್ಟ್ ಎಂಬ ಪ್ರಸಿದ್ಧ ಗಿಟಾರ್ ವಾದಕನದು. 1928ರ ಅಗ್ನಿ ಅಪಘಾತದಲ್ಲಿ ಎರಡು ಬೆರಳುಗಳ ಬಲವನ್ನು ಕಳೆದುಕೊಂಡ ಮೇಲೆ, ಉಳಿದ ಬೆರಳುಗಳಿಂದಲೇ ಸ್ವರಗಳನ್ನು ನುಡಿಸಿದವನು ಅವನು. ಹುಡುಗನು ಕೇಳಿದನು, ಎದ್ದು ಕುಳಿತನು. ಪಾತ್ರೆ ತೊಳೆಯುವ ದ್ರಾವಣದ ಪ್ಲಾಸ್ಟಿಕ್ ಸೀಸೆಯೊಂದನ್ನು ಕರಗಿಸಿ, ದರ್ಜಿಗಳು ಬೆರಳಿಗೆ ತೊಡುವ ಕವಚದಂತಹ ಎರಡು ಟೊಪ್ಪಿಗೆಗಳನ್ನು ಮಾಡಿದನು. ಉಜ್ಜಿ ಉಜ್ಜಿ ಅಳತೆಗೆ ತಂದನು. ತಂತಿ ಜಾರದಂತೆ ಹಳೆಯ ಚರ್ಮದ ಕೋಟಿನ ತುಂಡುಗಳನ್ನು ಅಂಟಿಸಿದನು. ಗಿಟಾರಿನ ತಂತಿಗಳು ನೋಯಿಸುತ್ತಿದ್ದುದರಿಂದ ಬ್ಯಾಂಜೊ ವಾದ್ಯದ ತೆಳುತಂತಿಗಳನ್ನು ಬಿಗಿದನು. ಕವಚ ತೊಟ್ಟ ಬೆರಳುಗಳಿಗೆ ತಂತಿಯ ಸ್ಪರ್ಶವಿಲ್ಲ. ಆದ್ದರಿಂದ ಅವನ ವಾದನವು ಒಂದೆರಡು ಸ್ವರಗಳನ್ನು ಒಟ್ಟಿಗೆ ಗಟ್ಟಿಯಾಗಿ ಒತ್ತಿ, ದೀರ್ಘವಾಗಿ ನಿಲ್ಲಿಸುವ ದಾರಿಯನ್ನು ಹಿಡಿಯಿತು. ಇಂದು ಮೆಟಲ್ ಸಂಗೀತದ ಲಕ್ಷಣವೆಂದು ಎಣಿಸುವ ಆ ಭಾರವಾದ ನಾದದಲ್ಲಿ ಒಬ್ಬ ಗಾಯಾಳುವಿನ ಜಾಣ್ಮೆಯ ಪಾಲಿದೆ.

ನಾಲ್ವರೂ ಕೂಡಿ ಊರಿನ ಪಾನಗೃಹಗಳ ಮಹಡಿಗಳಲ್ಲಿ ನುಡಿಸುತ್ತ ಒಂದು ವರ್ಷ ಕಳೆದರು. ಕೊನೆಗೆ 1969ರ ಅಕ್ಟೋಬರ್ 16ರಂದು, ಲಂಡನ್ನಿನ ರೀಜೆಂಟ್ ಸೌಂಡ್ ಎಂಬ ಧ್ವನಿಮುದ್ರಣ ಕೇಂದ್ರದ ಬಾಗಿಲು ಅವರಿಗೆ ತೆರೆಯಿತು. ದೊರೆತ ಕಾಲ ಎರಡು ದಿನ: ಮುದ್ರಣಕ್ಕೆ ಒಂದು, ಮಿಶ್ರಣಕ್ಕೆ ಒಂದು. ಅನುಭವವುಳ್ಳವರು ಅದನ್ನು ಜಿಪುಣತನವೆನ್ನುತ್ತಿದ್ದರು. ಈ ಹುಡುಗರಿಗಾದರೋ ಇಡೀ ಒಂದು ದಿನವೆಂಬುದೇ ದೀರ್ಘಾವಧಿಯಾಗಿ ಕಂಡಿತು. ಸುಮಾರು ಹನ್ನೆರಡು ಗಂಟೆಗಳ ದುಡಿಮೆ. ಆಸ್ಟನ್ನಿನ ಮಕ್ಕಳಿಗೆ ಅದು ಕಾರ್ಖಾನೆಯ ಉದ್ದನೆಯ ಒಂದು ಪಾಳಿ, ಅಷ್ಟೆ.

ನಿರ್ಮಾಪಕ ರಾಜರ್ ಬೇನ್, ಧ್ವನಿತಂತ್ರಜ್ಞ ಟಾಮ್ ಆಲಮ್. ಅವರ ಮುಂದಿದ್ದುದು ನಾಲ್ಕು ಪಥಗಳ ಟೇಪು. ಅಗಲವಾದ ಟೇಪಿನ ಮೇಲೆ ನಾಲ್ಕು ಸಮಾನಾಂತರ ಗೆರೆಗಳೆಂದು ಭಾವಿಸಿದರೆ, ಒಂದೊಂದು ಗೆರೆಯ ಮೇಲೆ ಒಂದೊಂದು ನಾದವನ್ನು ಬೇರೆಬೇರೆಯಾಗಿ ಹಿಡಿಯಬಹುದು. ಅನಂತರ ಯಾವುದು ಎಷ್ಟು ಮುಂದೆ, ಯಾವುದು ಎಷ್ಟು ಹಿಂದೆ ಎಂದು ಹದಗೊಳಿಸಬಹುದು. ಗೆರೆಗಳು ನಾಲ್ಕೇ ಆದುದರಿಂದ ವಿಲಾಸಕ್ಕೆ ಎಡೆಯಿರಲಿಲ್ಲ. ಮೂವರು ವಾದಕರು ಕೋಣೆಯಲ್ಲಿ ಒಟ್ಟಿಗೆ ನುಡಿಸಿದರು. ಆಸ್ಬೋರ್ನನು ಪ್ರತ್ಯೇಕವಾದ ಚಿಕ್ಕ ಗೂಡಿನಲ್ಲಿ ನಿಂತು ಅದೇ ವೇಳೆಗೆ ಹಾಡಿದನು. ಒಬ್ಬನು ತಪ್ಪಿದರೆ ನಾಲ್ವರೂ ಮೊದಲಿನಿಂದ ಆರಂಭಿಸಬೇಕು. ಪಾನಗೃಹಗಳಲ್ಲಿ ರಾತ್ರಿರಾತ್ರಿ ನುಡಿಸಿದುದು ಇಲ್ಲಿ ಸಾರ್ಥಕವಾಯಿತು. ಅಯೋಮಿಯ ಗಿಟಾರಿಗೆ ಬಲ ಕೊಟ್ಟ ಲೇನಿ ಧ್ವನಿವರ್ಧಕವೂ ಬರ್ಮಿಂಗ್‌ಹ್ಯಾಮಿನದೇ.

ಆದರೂ ಮೊದಲ ಹಾಡಿನ ವೇಳೆಗೇ ವಿಘ್ನವೊಂದು ಬಂದಿತು. ಅಯೋಮಿಯ ಮೆಚ್ಚಿನ ಗಿಟಾರಿನಲ್ಲಿ, ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಭಾಗವು ಕೆಟ್ಟಿತು. ದುರಸ್ತಿಗೆ ಸಮಯವೆಲ್ಲಿ? ಒಂದು ಗಂಟೆ ಕಳೆದರೆ ಒಂದು ಹಾಡು ಕಳೆದಂತೆ. ಮೂಲೆಯಲ್ಲಿ ಆಪದ್ಧನವಾಗಿ ಇರಿಸಿದ್ದ ಗಿಬ್ಸನ್ ಎಸ್‌ಜಿ ಗಿಟಾರನ್ನು ಅವನು ಕೈಗೆತ್ತಿಕೊಂಡನು. ಆ ಮಾದರಿಯ ವಾದ್ಯವೇ ಮುಂದೆ ಅವನ ಗುರುತಾಗಿ ಉಳಿಯಿತು.

ವೃಂದದ ಹೆಸರನ್ನೇ ಹೊತ್ತ ಹಾಡು ಕೇವಲ ಮೂರು ಸ್ವರಗಳ ಮೇಲೆ ನಿಂತಿದೆ: ಒಂದು ಆಧಾರಸ್ವರ, ಅದರದೇ ಮೇಲಿನ ಸ್ಥಾಯಿ, ಅಲ್ಲಿಂದ ಇಳಿದು ನಿಲ್ಲುವ ಒಂದು ಅಸ್ಥಿರ ಸ್ವರ. ಬಟ್ಲರನು ಹೋಲ್ಸ್ಟ್ ಎಂಬ ಸಂಗೀತಕಾರನ ಗ್ರಹಮಾಲಿಕೆಯಲ್ಲಿಯ ಮಂಗಳಗ್ರಹದ ಭಾಗವನ್ನು ಅಭ್ಯಾಸಕ್ಕೆಂದು ನುಡಿಸುತ್ತಿದ್ದುದೇ ಇದಕ್ಕೆ ಪ್ರೇರಣೆ. ಆಧಾರಸ್ವರಕ್ಕೂ ಆ ಮೂರನೆಯದಕ್ಕೂ ಇರುವ ಅಂತರಕ್ಕೆ ಐರೋಪ್ಯ ಸಂಗೀತಶಾಸ್ತ್ರಜ್ಞರು ಹಿಂದೆ ‘ಸಂಗೀತದೊಳಗಣ ಸೈತಾನ’ ಎಂಬ ಹೆಸರಿಟ್ಟಿದ್ದರು. ಕರ್ನಾಟಕ ಸಂಗೀತ ಬಲ್ಲವರು ಕಿವಿಗೊಟ್ಟರೆ ನಗದೆ ಇರಲಾರರು. ಅದು ಷಡ್ಜಕ್ಕೂ ಪ್ರತಿಮಧ್ಯಮಕ್ಕೂ ಇರುವ ಅಂತರ! ಸಂಜೆಯ ದೀಪ ಹಚ್ಚಿದ ಮನೆಗಳಲ್ಲಿ ಕಲ್ಯಾಣಿ ರಾಗಕ್ಕೆ ಕಾಂತಿ ಕೊಡುವ ಸ್ವರವೇ ಅಲ್ಲಿ ಕತ್ತಲೆಯ ಕಥೆಯನ್ನು ಹೇಳುತ್ತದೆ. ಸ್ವರಕ್ಕೆ ಸ್ವಂತ ಧರ್ಮವಿಲ್ಲ. ಅದನ್ನು ನಿಲ್ಲಿಸಿದ ನೆಲ ಯಾವುದೋ, ಭಾವವೂ ಅದರದೇ.

ಹಾಡಿನ ಆದಿಯಲ್ಲಿ ಕೇಳಬರುವ ಮಳೆ, ಗುಡುಗು, ದೂರದ ಚರ್ಚಿನ ಗಂಟೆ, ಇವೆಲ್ಲ ಅನಂತರ ಸೇರಿಸಿದವು. ಕೆಲವು ಕಡೆ ಗಿಟಾರನ್ನು ಎರಡನೆಯ ಸಲ ನುಡಿಸಿ ಕೂಡಿಸಿದರು. ಇನ್ನೊಂದು ಹಾಡಿಗೆ ‘ನಿಬ್’ ಎಂದು ಹೆಸರು. ವಾರ್ಡನ ಮೊನಚು ಗಡ್ಡವು ಲೇಖನಿಯ ನಿಬ್ಬಿನಂತೆ ಕಾಣುತ್ತದೆಂದು ಗೆಳೆಯರು ಮಾಡಿದ ಪರಿಹಾಸ್ಯವದು. ಅಕ್ಷರಗಳ ನಡುವೆ ಚುಕ್ಕೆಗಳಿಟ್ಟ ಮೇಲೆ ಕೇಳುಗರು ಅದರಲ್ಲಿ ಏನೇನೋ ಗೂಢಾರ್ಥಗಳನ್ನು ಕಂಡರು! ನಿಬ್ಬಿನ ಊರಿನ ಹುಡುಗರಿಗೆ ಹೊಳೆದುದು ಮಾತ್ರ ನಿಬ್ಬೇ. ಮುದ್ರಣ ಮುಗಿದ ಮರುದಿನವೇ ಇಪ್ಪತ್ತು ಪೌಂಡುಗಳ ಸಂಭಾವನೆಗೆ ನುಡಿಸಲು ಸ್ವಿಟ್ಜರ್ಲೆಂಡಿಗೆ ಹೊರಟೆವೆಂದು ಅಯೋಮಿ ನೆನಪಿಸಿಕೊಂಡಿದ್ದಾನೆ.

ತಟ್ಟೆಯು 1970ರ ಫೆಬ್ರವರಿ 13ರ ಶುಕ್ರವಾರ ಹೊರಬಂದಿತು. ಮುಖಪುಟದಲ್ಲಿ ಥೇಮ್ಸ್ ನದಿಯ ದಂಡೆಯ ಮೇಪಲ್‌ಡರ್ಹಮ್ ಎಂಬ ಹಳ್ಳಿಯ ಹಳೆಯ ನೀರುಗಿರಣಿ. ಅದರ ಮುಂದೆ ಕಪ್ಪು ಉಡುಪಿನ ಹೆಣ್ಣು. ವಿಮರ್ಶಕರು ಕನಿಕರ ತೋರಲಿಲ್ಲ. ಆದರೆ ಜನ ಕೊಂಡರು. ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಅದು ಎಂಟನೆಯ ಸ್ಥಾನಕ್ಕೇರಿತು. ಅಮೆರಿಕದಲ್ಲಿ ಒಂದು ವರ್ಷಕ್ಕೂ ಮೀರಿ ಪಟ್ಟಿಯಲ್ಲಿ ಉಳಿಯಿತು. 1971ರ ಮೂರನೆಯ ತಟ್ಟೆಯಲ್ಲಿ ಅಯೋಮಿ ಬೆರಳುಗಳ ನೋವು ತಗ್ಗಲೆಂದು ತಂತಿಗಳನ್ನು ಸಡಿಲಿಸಿ, ಶ್ರುತಿಯನ್ನು ಕೆಳಗಿಳಿಸಿದನು. ಮುಂದೆ ಬಂದ ಎಷ್ಟೋ ವೃಂದಗಳು, ಹತ್ತು ಬೆರಳುಗಳೂ ಸರಿಯಿದ್ದವರು, ಅದೇ ತಗ್ಗಿನ ಶ್ರುತಿಯನ್ನು ಅನುಸರಿಸಿದುವು.

ಇಂದಿನ ಧ್ವನಿಮುದ್ರಣದ ರೀತಿಯೇ ಬೇರೆ. ಕಂಪ್ಯೂಟರಿನಲ್ಲಿ ಪಥಗಳಿಗೆ ಮಿತಿಯಿಲ್ಲ. ಡ್ರಮ್ಮಿನ ಒಂದೊಂದು ಅಂಗಕ್ಕೂ ಒಂದೊಂದು ಮೈಕು. ಗಿಟಾರನ್ನು ಎರಡು ಬಾರಿ, ನಾಲ್ಕು ಬಾರಿ ನುಡಿಸಿ ಪದರ ಪದರವಾಗಿ ಹೊಂದಿಸುವ ಪದ್ಧತಿ. ತಪ್ಪಿದ ಪೆಟ್ಟನ್ನು ಸರಿಸಿ ತಾಳಕ್ಕೆ ಕೂಡಿಸುವ ಸೌಕರ್ಯ. ಒಂದು ತಟ್ಟೆಗೆ ತಿಂಗಳುಗಳೇ ಹಿಡಿಯುವುದುಂಟು. ಈ ಸಂಗೀತದ ಅಲೆ ಬೆಂಗಳೂರಿಗೂ ಬಂದು ಮುಟ್ಟಿತು. ಅರಮನೆ ಮೈದಾನದಲ್ಲಿ 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ನುಡಿಸಿದಾಗ ಕಪ್ಪು ಅಂಗಿ ತೊಟ್ಟು ನೆರೆದ ಕಾಲೇಜು ಹುಡುಗರಲ್ಲಿ ಎಷ್ಟು ಮಂದಿ ಆಸ್ಟನ್ನಿನ ಹೆಸರನ್ನು ಕೇಳಿದ್ದರೋ! ಅವರ ಕಿವಿಗಳಿಗೆ ಬಂದುದು ಮಾತ್ರ ಆ ಒಂದು ದಿನದ ದುಡಿಮೆಯ ಮೊಮ್ಮಕ್ಕಳೇ.

ಕಥೆಯು ಕೊನೆಗೆ ಹುಟ್ಟಿದ ಬೀದಿಗೇ ಮರಳಿತು. ಆಸ್ಬೋರ್ನರು ಬೆಳೆದ ಮನೆಗೆ ಸಮೀಪದಲ್ಲಿಯೇ ವಿಲ್ಲಾ ಪಾರ್ಕ್ ಎಂಬ ಕಾಲ್ಚೆಂಡಿನ ಕ್ರೀಡಾಂಗಣ. ಪಂದ್ಯ ನೋಡಲು ಬಂದವರ ಮೋಟಾರುಗಳನ್ನು ಕಾದು ಬಾಲಕನಾಗಿ ಚಿಲ್ಲರೆ ಕಾಸು ಗಳಿಸಿದ್ದು ಅಲ್ಲಿಯೇ. 2025ರ ಜುಲೈ 5ರಂದು, ಇಪ್ಪತ್ತು ವರ್ಷಗಳ ಮೇಲೆ ಆ ನಾಲ್ವರೂ ಒಟ್ಟಿಗೆ ನಿಂತು ನುಡಿಸಿದುದೂ ಅಲ್ಲಿಯೇ. ಪಾರ್ಕಿನ್ಸನ್ ವ್ಯಾಧಿಯಿಂದ ಬಳಲುತ್ತಿದ್ದ ಆಸ್ಬೋರ್ನರು ಆಸನದಲ್ಲಿ ಕುಳಿತೇ ಹಾಡಿದರು. ಎಪ್ಪತ್ತೇಳರ ಅಯೋಮಿ ಪಕ್ಕದಲ್ಲಿದ್ದರು. ಕಚೇರಿಯ ಆದಾಯವು ಪಾರ್ಕಿನ್ಸನ್ ಸಂಶೋಧನೆಗೂ ಊರಿನ ಮಕ್ಕಳ ಆಸ್ಪತ್ರೆಗೂ ಅಸಾಧ್ಯರೋಗದ ಮಕ್ಕಳ ಆರೈಕೆಗೂ ಮೀಸಲಾಗಿತ್ತು. ಹದಿನೇಳು ದಿನಗಳಾದ ಮೇಲೆ, ಜುಲೈ 22ರಂದು, ಆಸ್ಬೋರ್ನರು ತೀರಿಕೊಂಡರು. ಜುಲೈ 30ರಂದು ಅವರ ಅಂತಿಮಯಾತ್ರೆಯು ಬ್ರಾಡ್ ಸ್ಟ್ರೀಟಿನಲ್ಲಿ ಸಾಗಿ, ಆ ಸೇತುವೆಯ ಬಳಿ ಕೆಲ ನಿಮಿಷ ನಿಂತಿತು. ಲೋಹದ ಬೆಂಚು ಹೂವುಗಳಲ್ಲಿ ಮುಳುಗಿಹೋಗಿತ್ತು.

ಯಂತ್ರವು ಬೆರಳನ್ನು ತೆಗೆದುಕೊಂಡಿತು. ಆ ಯಂತ್ರದ ಊರೇ ನಾದವನ್ನು ಕೊಟ್ಟಿತು. ಹಿಡಿದ ಕೆಲಸವನ್ನು ಮುಗಿಸಿ ಬಾ ಎಂದು ಕಳುಹಿಸಿದ ತಾಯಿಯ ಮಾತನ್ನು ಮಗನು, ಅರವತ್ತು ವರ್ಷಗಳವರೆಗೆ, ಇನ್ನೊಂದು ಬಗೆಯಲ್ಲಿ ನಡೆಸಿಕೊಟ್ಟನು. ಸೇತುವೆಯ ಮೇಲೆ ಕ್ಷಣಕಾಲ ಕುಳಿತ ಪ್ರವಾಸಿಗೆ ಕೆಳಗಿನ ಕಾಲುವೆ ಮೌನವಾಗಿ ಕಾಣುತ್ತದೆ. ಕಾರ್ಖಾನೆಗಳು ಬಹುಪಾಲು ಮುಚ್ಚಿವೆ. ಅವುಗಳ ತಾಳ ಮಾತ್ರ ಎಲ್ಲಿಯೋ ಒಬ್ಬ ಹುಡುಗನ ಕೋಣೆಯಲ್ಲಿ, ಮುಚ್ಚಿದ ಬಾಗಿಲಿನ ಹಿಂದೆ, ಇನ್ನೂ ಬಡಿಯುತ್ತಿದೆ.