ದುಬೈಯಲ್ಲಿ ಒಂದು ದಿನ ನಾನೊಬ್ಬಳೇ

"ಒಬ್ಬಳೇ ಹೋಗ್ತೀಯಾ? ದಾರಿ ತಪ್ಪಿದ್ರೆ?"

ನಮ್ಮೆಜಮಾನರು ಶೂ ಹಾಕಿಕೊಳ್ಳುತ್ತಾ ಕೇಳಿದ ಪ್ರಶ್ನೆ ಇದು. ಅವರನ್ನೂ ತಪ್ಪೆನ್ನುವ ಹಾಗಿಲ್ಲ ಬಿಡಿ. ಬ್ರೂಕ್‌ಫೀಲ್ಡಿನಲ್ಲಿ ಹದಿನೆಂಟು ವರ್ಷ ಸಂಸಾರ ಮಾಡಿದರೂ ನಾನು ಒಬ್ಬಳೇ ಮೆಜೆಸ್ಟಿಕ್ಕಿಗೆ ಹೋಗಿ ಬಂದವಳಲ್ಲ. 2023ರಲ್ಲಿ ನಮ್ಮ ಕುಂದಲಹಳ್ಳಿಗೆ ಮೆಟ್ರೋ ಬಂದಾಗಲೂ ಮಗನ ತೋಳು ಹಿಡಿದುಕೊಂಡೇ ಎಸ್ಕಲೇಟರ್ ಹತ್ತಿದ ಧೀರೆ! ಅಂಥವಳು ದುಬೈಯಲ್ಲಿ ಒಬ್ಬಳೇ ಊರು ನೋಡುತ್ತೇನೆಂದರೆ ಯಾರಿಗಾದರೂ ನಗು ಬಂದೀತು.

ಇವರ ಕಂಪನಿಯವರು ಎರಡು ತಿಂಗಳ ಕೆಲಸಕ್ಕೆಂದು ಇವರನ್ನು ಅಲ್ಲಿಗೆ ಕಳಿಸಿದ್ದರು. 2025ರ ಜನವರಿಯಲ್ಲಿ ಮಗನನ್ನು ಅತ್ತೆಯವರಿಗೆ ಒಪ್ಪಿಸಿ ನಾನೂ ಹನ್ನೆರಡು ದಿನದ ಮಟ್ಟಿಗೆ ಹೋಗಿದ್ದೆ. ಮೊದಲ ವಾರಾಂತ್ಯದಲ್ಲಿ ಇವರು ಎಲ್ಲರೂ ನೋಡುವುದನ್ನೆಲ್ಲ ತೋರಿಸಿದರು. ಬುರ್ಜ್ ಖಲೀಫಾ ಎಂಬ 828 ಮೀಟರ್ ಎತ್ತರದ ಕಟ್ಟಡ, ಅದರ 124ನೇ ಮಹಡಿಯಿಂದ ಇರುವೆಗಳಂತೆ ಕಾಣುವ ಕಾರುಗಳು, ಕೆಳಗೆ ಸಂಗೀತಕ್ಕೆ ಕುಣಿಯುವ ಕಾರಂಜಿ. ಇನ್ನೊಂದು ಮಾಲಿನೊಳಗೆ ಹಿಮವನ್ನೇ ಮಾಡಿ ಸುರಿದಿದ್ದಾರೆ. ಹೊರಗೆ ಮರುಭೂಮಿ, ಒಳಗೆ ಸ್ವೆಟರ್ ಹಾಕಿಕೊಂಡು ಜಾರುವ ಮಕ್ಕಳು! ಚೆಂದವೇ, ಇಲ್ಲವೆನ್ನುವುದಿಲ್ಲ. ಆದರೆ ನನ್ನನ್ನು ಬೆರಗುಗೊಳಿಸಿದ್ದು ಅಡುಗೆಮನೆಯ ನಲ್ಲಿ. ಸಮುದ್ರದ ನೀರಿನ ಉಪ್ಪು ತೆಗೆದು ಊರಿಗೆಲ್ಲ ಕೊಡುತ್ತಾರಂತೆ, ತಿರುಗಿಸಿದಾಗಲೆಲ್ಲ ನೀರು. 2024ರ ಬೇಸಿಗೆಯಲ್ಲಿ ಬ್ರೂಕ್‌ಫೀಲ್ಡಿನಲ್ಲಿ ಟ್ಯಾಂಕರಿಗಾಗಿ ಫೋನ್ ಮಾಡಿ ಮಾಡಿ ಸೋತ ನನಗೆ, ನಲ್ಲಿ ತಿರುಗಿಸುವಾಗ ಪಾಪ ಮಾಡಿದ ಹಾಗಾಗುತ್ತಿತ್ತು.

ಸೋಮವಾರದಿಂದ ಇವರು ಏಳೂವರೆಗೆ ಮನೆ ಬಿಟ್ಟರೆ ಬರುವುದು ರಾತ್ರಿ. "ಮುಂದಿನ ಶನಿವಾರ ಇನ್ನೊಂದು ಮಾಲಿಗೆ ಹೋಗೋಣ" ಎಂದರು. ನಾನು, "ಮಾಲು ಬೇಡ, ಹಳೇ ಊರು ತೋರಿಸಿ" ಎಂದೆ. "ಅಲ್ಲೇನಿದೆ, ನಮ್ಮ ಚಿಕ್ಕಪೇಟೆ ಇದ್ದಂಗಿದೆ" ಎಂದುಬಿಟ್ಟರು.

ಅಲ್ಲೇನಿದೆ ಎಂದು ಹೇಳಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು.

ನನ್ನ ತೌರು ಕುಂದಾಪುರದ ಹತ್ತಿರ. ಅಪ್ಪಯ್ಯ 1977ರಲ್ಲಿ ಮುಂಬಯಿಯಿಂದ ಹಡಗು ಹತ್ತಿ ದುಬೈಗೆ ಹೋದವರು. ಬಟ್ಟೆ ಅಂಗಡಿಯಲ್ಲಿ ಕೆಲಸ. ಎರಡು ವರ್ಷಕ್ಕೊಮ್ಮೆ ಬರುತ್ತಿದ್ದರು, ಕೊಡೆ, ಸೆಂಟು, ಟೇಪ್ ರೆಕಾರ್ಡರ್ ಹೊತ್ತುಕೊಂಡು. ನನಗೆ ನಾಲ್ಕು ವರ್ಷವಿದ್ದಾಗ ಬಂದಿದ್ದರಂತೆ. ನಾಲ್ಕನೇ ದಿನ ನಾನು ಅಮ್ಮನ ಸೆರಗು ಹಿಡಿದು, "ಈ ನೆಂಟ್ರು ಯಾವಾಗ ಹೋತ್ರ್?" ಎಂದು ಕೇಳಿದೆನಂತೆ. ಮನೆಮಂದಿಯೆಲ್ಲ ನಕ್ಕರು, ಅಪ್ಪಯ್ಯನೂ ನಕ್ಕರು ಎಂದು ಅಮ್ಮ ಈಗಲೂ ಹೇಳುವುದುಂಟು. 1991ರಲ್ಲಿ ಅವರು ಊರಿಗೇ ಬಂದು ನೆಲೆಸಿದ ಮೇಲೆ, "ದುಬೈ ಹೇಗಿತ್ತು?" ಎಂದು ಯಾರು ಕೇಳಿದರೂ ಒಂದೇ ಉತ್ತರ: "ಎಂತ ಇತ್ತ್ ಅಲ್ಲಿ? ಹೊಯ್ಗಿ, ಬಿಸ್ಲ್."

2016ರಲ್ಲಿ ಅವರು ತೀರಿಕೊಂಡ ಮೇಲೆ ಟ್ರಂಕು ತೆಗೆದೆವು. ನಾನು ಶಾಲೆಯಿಂದ ಬರೆದ ಕಾಗದಗಳೆಲ್ಲ ಅದರಲ್ಲಿದ್ದವು. ಓದಿ ನನಗೇ ನಾಚಿಕೆಯಾಯಿತು. ಕ್ಷೇಮ ಎಂದು ಒಂದು ಸಾಲು, ಆಮೇಲೆ ಪಟ್ಟಿ. ಬಣ್ಣದ ಪೆನ್ನು ತನ್ನಿ, ಮಿನುಗುವ ಚಪ್ಪಲಿ ತನ್ನಿ, ಹೂವಿನ ಕೊಡೆ ತನ್ನಿ. ತಂದಿದ್ದಕ್ಕೆಲ್ಲ ಅಪ್ಪಯ್ಯ ಪಕ್ಕದಲ್ಲಿ ನೀಲಿ ಶಾಯಿಯ ಗುರುತು ಹಾಕಿದ್ದರು. ಒಂದು ಕಾಗದದ ಕೊನೆಯಲ್ಲಿ "ಶಾಲೆಯ ವಾರ್ಷಿಕೋತ್ಸವಕ್ಕೆ ಬನ್ನಿ, ನಾನು ಡ್ಯಾನ್ಸ್ ಮಾಡುತ್ತೇನೆ" ಎಂದಿತ್ತು. ಅದಕ್ಕೆ ಗುರುತಿರಲಿಲ್ಲ.

ದುಬೈಗೆ ಹೊರಡುವಾಗ ಅವರು ಅಮ್ಮನಿಗೆ ಬರೆದ ಒಂದು ಕಾಗದವನ್ನು ಬ್ಯಾಗಿನಲ್ಲಿಟ್ಟುಕೊಂಡಿದ್ದೆ, ವಿಳಾಸ ಹುಡುಕಬಹುದೆಂದು. ಅದರ ಮೇಲಿದ್ದದ್ದು ಬರೀ ಪೋಸ್ಟ್ ಬಾಕ್ಸ್ ನಂಬರು. ಆ ಊರಿನಲ್ಲಿ ಪೋಸ್ಟ್‌ಮ್ಯಾನ್ ಮನೆಮನೆಗೆ ಬರುತ್ತಿರಲಿಲ್ಲ, ಕಾಗದವೆಲ್ಲ ಪೆಟ್ಟಿಗೆಗೇ ಎಂದು ಇವರು ವಿವರಿಸಿದರು. ಅಂದರೆ ಹದಿನಾಲ್ಕು ವರ್ಷ ನಾವು ಒಂದು ಪೆಟ್ಟಿಗೆಗೆ ಕಾಗದ ಹಾಕುತ್ತಿದ್ದೆವು! ಒಳಗೆ ಮಾತ್ರ ಒಂದು ಗುರುತು ಸಿಕ್ಕಿತು. "ದೇರಾದ ರೂಮಿನಿಂದ ದಿನಾ ದೋಣಿ ದಾಟಿ ಬರ್ ದುಬೈಯ ಅಂಗಡಿಗೆ ಹೋಗುವುದು, ನಮ್ಮ ಗಂಗೊಳ್ಳಿ ದೋಣಿಯ ಹಾಗೇ" ಎಂದು ಬರೆದಿದ್ದರು. ಆ ದೋಣಿ ಈಗಲೂ ಇದೆಯೆಂದು ಮಗ ಫೋನಿನಲ್ಲಿ ಹುಡುಕಿ ಹೇಳಿದ. ಹಾಗಾಗಿ ಹೊರಟೆ.

ಹೋಗುವ ಸೋದರಿಯರಿಗೆ ಉಪಯೋಗವಾದೀತೆಂದು ಹೇಳುತ್ತೇನೆ. ಅಲ್ಲಿಯ ಮೆಟ್ರೋಗೆ 'ನೋಲ್' ಎಂಬ ಕಾರ್ಡು. ನಾನು ತೆಗೆದುಕೊಂಡದ್ದು 25 ದಿರಹಮ್ಮಿನದು, ಅದರಲ್ಲಿ 19 ನಮ್ಮ ಪ್ರಯಾಣಕ್ಕೇ. ಆಗ ಒಂದು ದಿರಹಮ್ಮಿಗೆ ನಮ್ಮ 23 ರೂಪಾಯಿ ಚಿಲ್ಲರೆ. ರೈಲಿಗೆ ಡ್ರೈವರೇ ಇಲ್ಲ! ಹೆಂಗಸರು ಮಕ್ಕಳಿಗೆ ಬೇರೆ ಜಾಗವಿದೆ, ಅಲ್ಲಿ ಗಂಡಸರು ನಿಂತರೆ ದಂಡ. ಒಳಗೆ ಏನಾದರೂ ತಿಂದರೆ 100 ದಿರಹಮ್ ದಂಡ, ಚೂಯಿಂಗ್ ಗಮ್ ಕೂಡ ಕೂಡದು. ಡಬ್ಬಿಯಲ್ಲಿ ಒಗ್ಗರಣೆ ಅವಲಕ್ಕಿ ಇಟ್ಟುಕೊಂಡು, ಅದರ ವಾಸನೆಗೂ ದಂಡ ಹಾಕಿಯಾರೇನೋ ಎಂದು ಬ್ಯಾಗನ್ನು ಅವುಚಿಕೊಂಡು ಕೂತಿದ್ದೆ.

ಯೂನಿಯನ್ ಎಂಬ ನಿಲ್ದಾಣದಲ್ಲಿ ಕೆಂಪು ಲೈನಿನಿಂದ ಹಸಿರು ಲೈನಿಗೆ ಬದಲಾಯಿಸಬೇಕು. ಬದಲಾಯಿಸಿದೆ, ಆದರೆ ಉಲ್ಟಾ ದಿಕ್ಕಿನ ರೈಲಿಗೆ! ಮೂರು ನಿಲ್ದಾಣ ಹೋದ ಮೇಲೆ ಗೊತ್ತಾಗಿ ಕೈಕಾಲು ತಣ್ಣಗಾಯಿತು. ಇವರಿಗೆ ಫೋನ್ ಮಾಡೋಣವೆಂದು ತೆಗೆದವಳು ಮತ್ತೆ ಬ್ಯಾಗಿಗೆ ಹಾಕಿದೆ. ಫೋನ್ ಮಾಡಿದ್ದರೆ ಆ ಕಥೆಯನ್ನು ಇವರು ಜನ್ಮವಿಡೀ ಹೇಳುತ್ತಿದ್ದರು. ಪಕ್ಕದಲ್ಲಿದ್ದ ಫಿಲಿಪೀನ್ಸಿನ ಹುಡುಗಿಯೊಬ್ಬಳು ನನ್ನ ಮುಖ ನೋಡಿ ತಾನೇ ಇಳಿದು, ಎದುರಿನ ರೈಲು ತೋರಿಸಿ ಹೋದಳು. ಅವಳ ಹೆಸರೂ ಕೇಳಲಿಲ್ಲ ನೋಡಿ, ಗಾಬರಿಯಲ್ಲಿ.

ಅಲ್ ರಾಸ್‌ನಲ್ಲಿ ಇಳಿದು ನಡೆದರೆ ಮಸಾಲೆ ಪೇಟೆ. ಏಲಕ್ಕಿ, ಕೇಸರಿ, ಒಣಗಿದ ಗುಲಾಬಿ, ಒಣನಿಂಬೆಯ ಮೂಟೆಗಳು. ಅದನ್ನು ದಾಟಿದರೆ ಎದುರಿಗೇ ನೀರು. ಅದು ಸಮುದ್ರ ಊರೊಳಗೆ ಬಂದ ಕಾಲುವೆ, ಕ್ರೀಕ್ ಎನ್ನುತ್ತಾರೆ. ಈಚೆ ದಡ ದೇರಾ, ಆಚೆ ಬರ್ ದುಬೈ. ತೈಲ ಸಿಕ್ಕಿದ್ದು 1966ರಲ್ಲಿ. ಅದಕ್ಕೂ ಮುಂಚಿನಿಂದ ಈ ಊರು ಬದುಕಿದ್ದೇ ಈ ನೀರಿನ ವ್ಯಾಪಾರದಿಂದ. 1966ರವರೆಗೆ ಇಲ್ಲಿ ನಡೆಯುತ್ತಿದ್ದದ್ದು ನಮ್ಮ ರೂಪಾಯಿ, ಈ ಕಡೆಗೆಂದೇ ನಮ್ಮ ರಿಸರ್ವ್ ಬ್ಯಾಂಕು 1959ರಲ್ಲಿ ಬೇರೆ ನೋಟು ಅಚ್ಚು ಹಾಕಿಸಿತ್ತು.

ದೋಣಿಗೆ 'ಅಬ್ರಾ' ಎಂದು ಹೆಸರು. ಮರದ ದೋಣಿ, ನಡುವೆ ಹಲಗೆ, ಬೆನ್ನಿಗೆ ಬೆನ್ನು ಕೊಟ್ಟು ಕೂರುವುದು. ಒಂದು ದಿರಹಮ್. ಟಿಕೇಟಿಲ್ಲ, ದೋಣಿಯವನ ಕೈಗೆ ನಾಣ್ಯ ಕೊಟ್ಟರಾಯಿತು. ಡೀಸೆಲ್ ವಾಸನೆ, ಉಪ್ಪು ಗಾಳಿ, ಮೇಲೆ ಕಡಲಹಕ್ಕಿಗಳು. ನಿಜಕ್ಕೂ ಗಂಗೊಳ್ಳಿಯೇ! ನನ್ನ ಪಕ್ಕದಲ್ಲಿ ಕೂಲಿಯವರ ನೀಲಿ ಅಂಗಿ ತೊಟ್ಟ ಒಬ್ಬಾತ ಮೊಬೈಲಿನಲ್ಲಿ ಮಗುವಿಗೆ ಈ ನೀರನ್ನೇ ತೋರಿಸುತ್ತಿದ್ದ. ಮಗು ಅಲ್ಲಿಂದ ಕೂಗುತ್ತಿತ್ತು, ಯಾವ ಭಾಷೆಯೋ.

ಐದಾರು ನಿಮಿಷಕ್ಕೆ ಆಚೆ ದಡ. ಇಳಿದೆ. ಮತ್ತೆ ಅದೇ ದೋಣಿ ಹತ್ತಿದೆ. ದೋಣಿಯವನು ಒಂದು ಥರಾ ನೋಡಿದ. ನೋಡಲಿ ಎಂದುಕೊಂಡೆ.

ಆಮೇಲೆ ಇನ್ನೊಮ್ಮೆ ದಾಟಿ ಬಂದು ಜವಳಿ ಪೇಟೆಯಲ್ಲಿ ಅಲೆದೆ. "ದೀದಿ, ಪಶ್ಮೀನಾ" ಎಂದು ಕರೆಯುವವರ ನಡುವೆ, ಒಂದು ಅಂಗಡಿಯ ಹಿರಿಯರು ನಾನು ಅಮ್ಮನ ಜೊತೆ ಫೋನಿನಲ್ಲಿ ಆಡಿದ್ದನ್ನು ಕೇಳಿ, "ಕನ್ನಡದೋರಾ?" ಎಂದರು. ಭಟ್ಕಳದವರು! ಸ್ಟೂಲು ಹಾಕಿ ಚಹಾ ತರಿಸಿದರು. ಅಪ್ಪಯ್ಯನ ಅಂಗಡಿಯ ಹೆಸರು ಹೇಳಿದೆ. ಅವರಿಗೆ ನೆನಪಾಗಲಿಲ್ಲ. "ಎಷ್ಟೋ ಅಂಗಡಿ ಬಂದ್ವು, ಹೋದ್ವು ತಂಗಿ" ಎಂದರು. ಸ್ವಲ್ಪ ಹೊತ್ತು ಬಿಟ್ಟು ತಾವಾಗಿಯೇ ಹೇಳಿದರು: "ಆಗೆಲ್ಲ ಒಂದ್ ರೂಮಲ್ಲಿ ಎಂಟ್ ಜನ. ಶುಕ್ರವಾರ ರಜಾ. ಸಂಜೆ ಈ ದಂಡೆ ಮೇಲೆ ಕೂತು ಊರಿನ ಕಾಗದ ಓದೋದು. ಓದಕ್ಕೆ ಬಾರದವರಿಗೆ ಬೇರೆಯವರು ಓದಿ ಹೇಳೋರು. ನಮ್ ಮಗಳು ಏನೇನ್ ಕೇಳಿದಾಳೆ ನೋಡು ಅಂತ ಎಲ್ರಿಗೂ ತೋರಿಸ್ಕೊಂಡು ಓಡಾಡೋರು."

ಅವರು ಯಾರ ಮಗಳನ್ನು ಹೇಳಿದರೋ. ನಾನು ಕೇಳಲಿಲ್ಲ. ಚಹಾ ಬಿಸಿಯಿತ್ತು, ಬಾಯಿ ಸುಟ್ಟಿತೆಂದು ಕಣ್ಣೊರೆಸಿಕೊಂಡೆ.

ದಂಡೆಯ ಮೇಲೆ ಕೂತು ಅವಲಕ್ಕಿ ತಿಂದೆ. ಆಚೆ ದಡದಲ್ಲಿ ಮರದ ಹಡಗುಗಳಿಗೆ ಫ್ರಿಜ್ಜು, ಟೈರು, ಬಟ್ಟೆಯ ಮೂಟೆ ಏರಿಸುತ್ತಿದ್ದರು. ಎದ್ದು ಇನ್ನೂ ಒಂದು ಸಲ ದಾಟಿದೆ. ಸಂಜೆಯ ದೀಪ ಹತ್ತಿದ ಮೇಲೆ ಮತ್ತೊಂದು.

ರಾತ್ರಿ ಅಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಉಲ್ಟಾ ರೈಲಿನ ವಿಷಯ ಮಾತ್ರ ಮುಚ್ಚಿಟ್ಟೆ, ಇವರು ಪಕ್ಕದಲ್ಲೇ ಇದ್ದರಲ್ಲ.

"ದೋಣಿಗೆ ಈಗ ಎಷ್ಟ್?"

"ಒಂದು ದಿರಹಮ್ ಅಮ್ಮ, 23 ರೂಪಾಯಿ."

"ಅಬ್ಬಾ! ಎಷ್ಟ್ ಸಲ ದಾಟ್ದೆ?"

"ಐದು ಸಲ."

ಅಮ್ಮ ಲೆಕ್ಕ ಹಾಕಿದರು. "ಐದ್ ಸಲ ದಾಟ್ರೆ ಆಚಿ ಬದಿಯಂಗೇ ಉಳಿತಿಯಲೆ! ಮನಿಗ್ ಹ್ಯಾಂಗ್ ಬಂದೆ?"

"ಆಚೆ ಬದೀಲೂ ಮೆಟ್ರೋ ಇದೆಯಮ್ಮ. ನೀರಿನ ಅಡಿಯಿಂದ ಬರ್ತದೆ."

ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಅವ್ರ್ ಕಾಲ್ದಗೆ ಅದ್ ಇರ್ಲಿಲ್ಲೆ" ಎಂದರು.