ಚಂಡೆಯ ಏಳು, ಗಿಟಾರಿನ ಏಳು

ಶುಕ್ರವಾರದ ಇಳಿಹೊತ್ತಿನಲ್ಲಿ ಚಿಕ್ಕಮಗಳೂರಿನಿಂದ ಮೂಡಿಗೆರೆಯ ಕಡೆಗೆ ಹೊರಟವರಿಗೆ ಮೂವತ್ತು ಕಿಲೋಮೀಟರ್ ದಾರಿ ಮುಗಿಯುವಷ್ಟರಲ್ಲಿ ಎರಡು ಬಗೆಯ ಪ್ರಯಾಣಿಕರು ಸಿಗುತ್ತಾರೆ. ಬೆಂಗಳೂರಿನ ಕಡೆಯಿಂದ ಬಂದ ಕಾರುಗಳಲ್ಲಿ ಹಿಂದಿನ ಸೀಟಿನ ಮೇಲೆ ಗಿಟಾರಿನ ಚೀಲಗಳು, ಕರಿಬಣ್ಣದ ಸ್ಪೀಕರ್ ಪೆಟ್ಟಿಗೆಗಳು. ಚಾರ್ಮಾಡಿ ಘಾಟಿಯನ್ನು ಏದುಸಿರು ಬಿಡುತ್ತಾ ಹತ್ತಿ ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಿಂತ ಮೇಳದ ವಾಹನದಲ್ಲಿ ಕಿರೀಟ, ಭುಜಕೀರ್ತಿ ತುಂಬಿದ ಮರದ ಪೆಟ್ಟಿಗೆಗಳು, ಬಟ್ಟೆ ಸುತ್ತಿದ ಚಂಡೆ, ಮದ್ದಲೆಗಳು. ಒಂದು ಗುಂಪು ಯಾವುದೋ ತೋಟದ ಹೋಂಸ್ಟೇ ಅಂಗಳಕ್ಕೆ, ಇನ್ನೊಂದು ಕಳಸದ ಕಡೆಯ ಯಾವುದೋ ಗದ್ದೆಬಯಲಿಗೆ. ಎರಡಕ್ಕೂ ಕೆಲಸ ರಾತ್ರಿಯೇ. ಒಬ್ಬರಿಗೊಬ್ಬರು ಪರಿಚಯವಿಲ್ಲ, ಆದರೆ ತಾಳ ಎಣಿಸಿ ನೋಡಿದರೆ ನೆಂಟಸ್ತಿಕೆ ಕಾಣುತ್ತದೆ.

ಗಿಟಾರಿನ ಹುಡುಗರ ಪಾಲಿಗೆ ದೊಡ್ಡ ಹೆಸರು ‘ಪ್ರೋಗ್ರೆಸಿವ್ ರಾಕ್’. 1960ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಸಂಗೀತವಿದು. ಮೂರು ನಿಮಿಷದ ಹಾಡು ಸಾಕಾಗದೆ ಹೋದ ಹುಡುಗರು ಕಥೆಯನ್ನೇ ಹಾಡಾಗಿಸಿದರು, ವೇಷ ಕಟ್ಟಿದರು, ಕೊಳಲು ತಂದರು. ಜೆಥ್ರೋ ಟಲ್ ಎಂಬ ತಂಡ 1972ರಲ್ಲಿ ಹೊರತಂದ ‘ಥಿಕ್ ಆ್ಯಸ್ ಎ ಬ್ರಿಕ್’ನಲ್ಲಿ ಇರುವುದು ಒಂದೇ ಕೃತಿ, ನಲವತ್ತು ನಿಮಿಷಕ್ಕೂ ಮಿಕ್ಕಿದ್ದು. ಅದನ್ನೂ ನಡುವೆ ತುಂಡರಿಸಬೇಕಾಯಿತು, ಏಕೆಂದರೆ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಸುವುದು ಇಪ್ಪತ್ತು ಇಪ್ಪತ್ತೆರಡು ನಿಮಿಷ ಮಾತ್ರ. ನಿಮಿಷಕ್ಕೆ 33⅓ ಸುತ್ತಿನಂತೆ ಲೆಕ್ಕ ಹಾಕಿದರೆ ಸುಮಾರು 730 ಸುತ್ತು. ಆ ಸುರುಳಿಗೆರೆಯನ್ನು ಬಿಚ್ಚಿ ನೆಟ್ಟಗೆ ಎಳೆದರೆ ಅರ್ಧ ಕಿಲೋಮೀಟರಿನ ಹತ್ತಿರ ಬರುತ್ತದೆ. ಯಕ್ಷಗಾನದ ಭಾಗವತರಿಗೆ ಈ ತೊಂದರೆ ಇರಲಿಲ್ಲ. ಅವರ ತಟ್ಟೆಯ ಒಂದು ಮಗ್ಗುಲು ಬೆಳಗಾಗುವ ತನಕ ತಿರುಗುತ್ತಿತ್ತು.

ಸಾಮಾನ್ಯ ರಾಕ್ ಹಾಡು ನಾಲ್ಕರ ಎಣಿಕೆಯದು. ಪ್ರೋಗ್ರೆಸಿವ್ ತಂಡಗಳು ಐದು, ಏಳು, ಒಂಬತ್ತರ ಲೆಕ್ಕಕ್ಕೆ ಕೈಹಾಕಿದವು. ಪಿಂಕ್ ಫ್ಲಾಯ್ಡ್ ತಂಡದ ‘ಮನಿ’ (1973) ಬಹುಪಾಲು ಏಳರ ಎಣಿಕೆಯಲ್ಲೇ ಸಾಗಿ, ಗಿಟಾರ್ ಮುಂದೆ ಬಂದಾಗ ನಾಲ್ಕಕ್ಕೆ ಹೊರಳುತ್ತದೆ. ಪಾಶ್ಚಾತ್ಯ ಕಿವಿಗೆ ಅದೊಂದು ಸೋಜಿಗ. ನಮ್ಮ ಮಲೆನಾಡಿನ, ಕರಾವಳಿಯ ಮಕ್ಕಳಿಗೆ ಅದು ತ್ರಿವುಡೆ. ತಕಿಟ ತಕ ದಿಮಿ ಎಂದು ಮೂರು, ಎರಡು, ಎರಡಾಗಿ ತೊಡೆ ತಟ್ಟಿದರೆ ಏಳು ಬಂತು. ಒಳವಿಂಗಡಣೆ ಬೇರೆಯಾದರೂ ಮೊತ್ತ ಒಂದೇ. ಝಂಪೆಗೆ ಹತ್ತು, ರೂಪಕಕ್ಕೆ ಆರು, ಏಕಕ್ಕೆ ನಾಲ್ಕು. ಯಕ್ಷಗಾನದಲ್ಲಿ ಪದ ಬದಲಾದಂತೆ ತಾಳವೂ ಬದಲಾಗುತ್ತದೆ, ವೇಷಧಾರಿ ಹೆಜ್ಜೆ ತಪ್ಪದೆ ಅತ್ತ ಹೊರಳುತ್ತಾನೆ.

ಕಾಫಿ ಕೊಯ್ಲು ಮುಗಿದ ಒಂದು ತೋಟದ ಮನೆಯ ಜಗಲಿಯಲ್ಲಿ ನಡೆದ ಮಾತು ಇದು. ಮಗ ಪಿ.ಯು.ಸಿ. ಓದುವ ಹುಡುಗ, ಫೋನಿನಲ್ಲಿ ಹಾಡು ಹಾಕಿಕೊಂಡು ಕೂತಿದ್ದ. “ಇದೆಂಥ ಗಲಾಟೆಯೋ ಮಾರಾಯ, ಪರೀಕ್ಷೆ ಹತ್ತಿರ ಬಂತು” ಎಂದರು ತಂದೆ. “ಅಪ್ಪಯ್ಯಾ, ಒಂದು ಸಲ ಎಣಿಸಿ ನೋಡಿ” ಎಂದ ಮಗ. ಹರಕೆ ಆಟ ತಪ್ಪಿಸದೆ ನೋಡುವ ಆ ತಂದೆ ಒಲ್ಲದ ಮನಸ್ಸಿನಿಂದ ಬೆರಳು ಮಡಚಿದರು. ಏಳಕ್ಕೆ ನಿಂತರು. ಮತ್ತೊಮ್ಮೆ ಎಣಿಸಿದರು. “ತ್ರಿವುಡೆಯೇ ಹೌದು. ಆದರೆ ಬಿಡ್ತಿಗೆಯೇ ಇಲ್ಲವಲ್ಲ” ಎಂದು ಒಳಗೆ ಹೋದರು. ಹುಡುಗನಿಗೆ ಬಿಡ್ತಿಗೆ ಎಂದರೇನೆಂದು ಗೊತ್ತಿರಲಿಲ್ಲ. ಕೇಳಲು ಹಿಂದೆಯೇ ಎದ್ದು ಹೋದ.

ಈ ಎರಡನ್ನೂ ಕೂಡಿಸಿದವರು ನಮ್ಮಲ್ಲಿ ಇಲ್ಲವೆಂದಲ್ಲ. ಬೆಂಗಳೂರಿನ ‘ಅಗಂ’ ತಂಡ 2003ರಿಂದ ಕರ್ನಾಟಕ ಸಂಗೀತದ ಕೃತಿಗಳನ್ನು ಗಿಟಾರು, ಡ್ರಮ್ಮು, ಪಿಟೀಲುಗಳ ನಡುವೆ ಹಾಡುತ್ತಾ ಬಂದಿದೆ. ಸಣ್ಣ ಊರಿನ ಹಬ್ಬಗಳೂ ಹೊರದೇಶಗಳಲ್ಲಿ ಉಂಟು. ಜರ್ಮನಿಯ ರೈನ್ ನದಿಯ ಮೇಲಣ ಲೋರೆಲೈ ಬಂಡೆಯ ಬಯಲು ರಂಗಮಂದಿರದಲ್ಲಿ 2006ರಿಂದ ಹಲವು ಬೇಸಿಗೆಗಳಲ್ಲಿ ಪ್ರೋಗ್ರೆಸಿವ್ ರಾಕ್ ಹಬ್ಬ ನಡೆಯಿತು. ಕೆಳಗಿನ ಪುಟ್ಟ ಊರಿಗೆ ವಾರಾಂತ್ಯದ ಮಟ್ಟಿಗೆ ಹೊರಗಿನ ಜನ. ನಮ್ಮ ಗುಡ್ಡಗಳಲ್ಲಿ ಅಂಥ ಹಬ್ಬದ ಜಾಗವನ್ನು ಬಯಲಾಟ ಬಹಳ ಹಿಂದೆಯೇ ಹಿಡಿದಿತ್ತು.

ಕಳಸದ ಆಸುಪಾಸಿನ ಬಯಲಿನಲ್ಲಿ ಆಟವೆಂದರೆ ಹೀಗೆ. ಸಂಜೆ ಕೇಳಿ ಬಡಿಯುತ್ತಾರೆ. ‘ಇಂದು ಆಟವಿದೆ’ ಎಂದು ಕಣಿವೆಗೆಲ್ಲ ಸಾರುವ ಚಂಡೆ ಅದು. ಚೌಕಿಯಲ್ಲಿ ಬಣ್ಣದ ವೇಷದವರು ಕನ್ನಡಿ ಹಿಡಿದು ಕೂತರೆ ಅಕ್ಕಿಹಿಟ್ಟಿನ ಚುಟ್ಟಿ ಇಡುವುದಕ್ಕೆ ಗಂಟೆಗಳೇ ಬೇಕು. ಚೌಕಿಯ ಬಾಗಿಲಲ್ಲಿ ಇಣುಕುವ ಮಕ್ಕಳನ್ನು ಯಾರೂ ಗದರಿಸುವುದಿಲ್ಲ. ರಾತ್ರಿಯೆಲ್ಲ ಏಕೆ ಆಡುತ್ತಿದ್ದರು ಎಂಬ ಪ್ರಶ್ನೆಗೆ ಶಾಸ್ತ್ರದ ಉತ್ತರಗಳು ಇರಬಹುದು, ದಾರಿಯ ಉತ್ತರವೂ ಒಂದಿದೆ. ಭದ್ರೆಯ ಆಚೆ ಈಚೆ, ಐದಾರು ಮೈಲಿ ದೂರದ ಒಂಟಿಮನೆಗಳಿಂದ ಜನ ಕತ್ತಲಾಗುವ ಮುಂಚೆ ಬರುತ್ತಿದ್ದರು. ನಡುರಾತ್ರಿ ಕಾಡುದಾರಿಯಲ್ಲಿ ಹಿಂತಿರುಗಲಾಗದು. ಆದ್ದರಿಂದ ಬೆಳಕು ಹರಿಯುವ ತನಕ ಕಥೆ ಮುಗಿಯಬಾರದು, ಅಷ್ಟೇ. ತಡವಾಗಿ ಹೊರಟವರು ಸೂಡಿ ಬೀಸುತ್ತಾ ಬರುತ್ತಿದ್ದರು.

ಆ ಚಂಡೆಯ ಸದ್ದು ಅಷ್ಟು ದೂರ ಹೇಗೆ ಹೋಗುತ್ತದೆ? ಹಗಲಿನಲ್ಲಿ ನೆಲ ಕಾದು, ನೆಲಕ್ಕೆ ಹತ್ತಿದ ಗಾಳಿ ಬಿಸಿ, ಮೇಲಿನದು ತಂಪು. ಬಿಸಿಗಾಳಿಯಲ್ಲಿ ಶಬ್ದದ ವೇಗ ಹೆಚ್ಚು. ಹಾಗಾಗಿ ಅಲೆಯ ಕೆಳಗಿನ ಭಾಗ ಮುಂದೋಡಿ ಇಡೀ ಅಲೆ ಮೇಲಕ್ಕೆ ಬಾಗಿ ಹೋಗಿಬಿಡುತ್ತದೆ. ಜನವರಿ ಫೆಬ್ರುವರಿಯ ನಿರ್ಮಲ ರಾತ್ರಿಯಲ್ಲಿ ಇದು ತಲೆಕೆಳಗು. ತಣ್ಣನೆಯ ಭಾರದ ಗಾಳಿ ಕಣಿವೆಯ ತಳದಲ್ಲಿ ನಿಲ್ಲುತ್ತದೆ, ಮೇಲಿನದು ಬೆಚ್ಚಗೆ. ಶಬ್ದ ಕೆಳಕ್ಕೆ ಬಾಗುತ್ತದೆ, ಗದ್ದೆಯ ಮೇಲೆ ಮುಚ್ಚಳ ಹಾಕಿದಂತೆ. ಎದುರು ಗುಡ್ಡದ ಮನೆಯಿಂದ ನೋಡುವವನಿಗೆ ಚಂಡೆಗೆ ಕೋಲು ಬಿದ್ದದ್ದು ಕಂಡು ಮೂರು ಸೆಕೆಂಡಿನ ಮೇಲೆ ಸದ್ದು ಕೇಳಿದರೆ, ನಡುವೆ ಒಂದು ಕಿಲೋಮೀಟರ್ ಇದೆಯೆಂದು ಲೆಕ್ಕ. ಮಕ್ಕಳು ಮಾಡಿ ನೋಡಬಹುದಾದ ಪ್ರಯೋಗ, ಖರ್ಚಿಲ್ಲ.

ಇದೇ ಗಾಳಿ ಹೋಂಸ್ಟೇ ಅಂಗಳದ ಸ್ಪೀಕರನ್ನೂ ಹೊತ್ತೊಯ್ಯುತ್ತದೆ, ಅಲ್ಲಿಂದ ಜಗಳ ಶುರು. ಒಂದು ಮೀಟರ್ ದೂರದಲ್ಲಿ 100 ಡೆಸಿಬಲ್ ಇರುವ ಸದ್ದು, ದೂರ ಎರಡು ಪಟ್ಟಾದಾಗಲೆಲ್ಲ 6 ಡೆಸಿಬಲ್‌ನಂತೆ ಇಳಿದು, ಅರ್ಧ ಕಿಲೋಮೀಟರ್ ಆಚೆ 46 ಆಗುತ್ತದೆ. ಜನವಸತಿಯಲ್ಲಿ ರಾತ್ರಿಗೆ ನಿಗದಿಯಾದ ಮಿತಿ 45. ಕಣಿವೆಯ ಮುಚ್ಚಳದ ಕೆಳಗೆ ಇಷ್ಟು ಇಳಿಯುವುದೂ ಇಲ್ಲ. ತಾರಕದ ಸದ್ದನ್ನು ಸಿಲ್ವರ್ ಓಕ್, ಕಾಫಿ ಗಿಡಗಳ ಎಲೆ ಅಷ್ಟಿಷ್ಟು ನುಂಗುತ್ತದೆ. ಮಂದ್ರದ ‘ಧಂ ಧಂ’ ಮಾತ್ರ ಗೋಡೆ ದಾಟಿ ಎದೆಗೆ ಬಡಿಯುತ್ತದೆ. ಕೂಲಿಲೈನಿನ ಮನೆಯಲ್ಲಿ ಎಸ್.ಎಸ್.ಎಲ್.ಸಿ. ಪುಸ್ತಕ ಹಿಡಿದ ಹುಡುಗಿ, ಬೆಳಿಗ್ಗೆ ಕೆಲಸಕ್ಕೆ ಏಳಬೇಕಾದ ಅವಳ ತಾಯಿ ಯಾವ ಟಿಕೆಟ್ಟನ್ನೂ ಕೊಂಡವರಲ್ಲ. ತೊರೆಯ ಬದಿಯಲ್ಲಿ ಹೆಣ್ಣನ್ನು ಕರೆಯುವ ಗಂಡುಕಪ್ಪೆಯ ಕೂಗೂ ಆ ಸದ್ದಿನಲ್ಲಿ ಮುಳುಗುತ್ತದೆ. ಅತಿಥಿಗಳಿಗೆ ತೋಟದ ಮೌನವನ್ನೇ ಮಾರುವ ಊರಿನಲ್ಲಿ ಇದೊಂದು ವಿಚಿತ್ರ ವ್ಯಾಪಾರ.

ಕೇಂದ್ರ ಸರಕಾರ 2000ದಲ್ಲಿ ತಂದ ನಿಯಮದಂತೆ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದು. ಸಾಂಸ್ಕೃತಿಕ, ಧಾರ್ಮಿಕ ಉತ್ಸವಗಳಿಗೆ ವರ್ಷಕ್ಕೆ ಹದಿನೈದು ದಿನ ಮೀರದಂತೆ ಮಧ್ಯರಾತ್ರಿಯವರೆಗೆ ರಾಜ್ಯ ಸರಕಾರ ಸಡಿಲಿಕೆ ಕೊಡಬಹುದು. ನಿಯಮಕ್ಕೆ ಗಿಟಾರು, ಚಂಡೆ ಎಂಬ ಭೇದವಿಲ್ಲ. ಘಟ್ಟದ ಕೆಳಗಿನ ಕಟೀಲು ಮೇಳಗಳು 2022ರಲ್ಲಿ ಇದೇ ಕಾರಣಕ್ಕೆ ಕಾಲಮಿತಿಗೆ ಇಳಿದವು, ಪ್ರಕರಣ ಹೈಕೋರ್ಟಿಗೆ ಹೋಗಿ 2024ರಲ್ಲಿ ಮತ್ತೆ ಇಡೀ ರಾತ್ರಿಗೆ ಮರಳಿದವು. ಮೈಕು ಇಲ್ಲದ ಕಾಲದಲ್ಲಿ ಭಾಗವತರು ಗಂಟಲಿನಿಂದಲೇ ಬಯಲು ತುಂಬುತ್ತಿದ್ದರು ಎಂಬುದನ್ನು ಎರಡೂ ಕಡೆಯವರು ಮರೆತಂತಿದೆ.

ಮೂಡಿಗೆರೆ ಕಡೆಯಲ್ಲಿ ಈಗ ಇನ್ನೊಂದು ಅಡ್ಡಿ ಸೇರಿದೆ, ಆನೆ. ತೋಟದ ದಾರಿಯಲ್ಲಿ ಆನೆ ತುಳಿದು ಜನ ಸತ್ತ ಮೇಲೆ ಕತ್ತಲಲ್ಲಿ ನಡೆದು ಆಟಕ್ಕೆ ಹೋಗುವವರು ಇಲ್ಲವಾದರು. ಜೀಪು ಇದ್ದವರಿಗಷ್ಟೇ ಆಟ. ಕಾಲಮಿತಿಯ ಪ್ರದರ್ಶನ ಹತ್ತೂವರೆಗೆ ಮುಗಿದರೆ ನಡೆದು ಬಂದವರ ಗತಿಯೇನು? ಪೇಟೆಯವರಿಗೆ ಅನುಕೂಲವಾದ ಸಮಯ ಒಂಟಿಮನೆಯವರಿಗೆ ಆಗಿಬರಲಿಲ್ಲ.

ಇಡೀ ರಾತ್ರಿಯ ಆಟ ಸಿಕ್ಕಿದ ಊರಿನಲ್ಲಿ ಬೆಳಗಿನ ಜಾವ ಐದರ ಹೊತ್ತಿಗೆ ಮಂಜು ರಂಗಸ್ಥಳದೊಳಕ್ಕೇ ಬಂದಿರುತ್ತದೆ. ಚಾಪೆಯ ಮೇಲೆ ಮಕ್ಕಳು ತಾಯಂದಿರ ಸೆರಗಿನಡಿ ಮಲಗಿರುತ್ತಾರೆ. ಮಹಿಷಾಸುರ ಬಂದಾಗ ಎಬ್ಬಿಸಬೇಕೆಂದು ಹೇಳಿ ಮಲಗಿದವರು, ಎಬ್ಬಿಸಿದರೂ ಏಳದವರು. ಭಾಗವತರು ಮಂಗಳ ಹಾಡುತ್ತಾರೆ. ಚೌಕಿಯಲ್ಲಿ ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ತೆಗೆಯುವವರ ಮುಖ ಅರ್ಧ ದೇವರು, ಅರ್ಧ ಮನುಷ್ಯರು. ಕಾಫಿಯ ಕೆಟಲು ಬರುತ್ತದೆ. ಪೆಟ್ಟಿಗೆಗಳು ವಾಹನವೇರಿ, ಕುದುರೆಮುಖದ ಕಡೆಯ ಗುಡ್ಡಗಳಿಗೆ ಬಿಸಿಲು ತಾಗುವ ಹೊತ್ತಿಗೆ ಗದ್ದೆಯಲ್ಲಿ ಉಳಿಯುವುದು ನಾಲ್ಕು ಕಂಬದ ಗುಳಿಗಳು, ಒಂದಿಷ್ಟು ಕಡಲೆಕಾಯಿ ಸಿಪ್ಪೆ.