ಹಬ್ಬದೆಲೆಯಲ್ಲಿ ಆಲೂಗಡ್ಡೆ

ತರಕಾರಿಗಳಲ್ಲಿ ಆಲೂಗಡ್ಡೆಯಷ್ಟು ಸಾಧುವಾದುದು ಇನ್ನೊಂದಿಲ್ಲ. ಹಾಗಲದ ಕಹಿಯಾಗಲಿ, ಸುವರ್ಣಗಡ್ಡೆಯ ತುರಿಕೆಯಾಗಲಿ ಅದಕ್ಕಿಲ್ಲ. ಯಾರೊಡನೆ ಸೇರಿದರೆ ಅವರ ರುಚಿಯನ್ನೇ ತನ್ನದಾಗಿಸಿಕೊಳ್ಳುತ್ತದೆ. ಆದರೂ ನಮ್ಮ ಮನೆಯ ಹಬ್ಬದೆಲೆಯಲ್ಲಿ ಅದಕ್ಕೆ ಬಹುಕಾಲ ಸ್ಥಾನವಿರಲಿಲ್ಲ. "ಅದು ಪರದೇಶದ ಗಡ್ಡೆ, ದಿನದ ಊಟಕ್ಕೆ ಸರಿ, ನೈವೇದ್ಯದ ದಿನ ಬೇಡ" ಎಂಬುದು ನಮ್ಮ ತಂದೆಯವರ ಶಾಸನ.

ಅವರ ಮಾತು ಸುಳ್ಳಲ್ಲ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಪ್ರದೇಶದಲ್ಲಿ ಹುಟ್ಟಿದ ಈ ಗಡ್ಡೆ 16ನೆಯ ಶತಮಾನದಲ್ಲಿ ಸ್ಪೇನಿನವರೊಡನೆ ಯೂರೋಪನ್ನು ಸೇರಿ, ಆಮೇಲೆ ನಮ್ಮಲ್ಲಿಗೆ ಬಂದಿತು. ಕರಾವಳಿಯವರ 'ಬಟಾಟೆ'ಯಲ್ಲಿ ಪೋರ್ಚುಗೀಸರ ನುಡಿಯ ನೆರಳು ಇನ್ನೂ ಇದೆ. ಆದರೆ ನೈವೇದ್ಯದ ಅಡುಗೆಗೆ ನಿಸ್ಸಂಕೋಚವಾಗಿ ಬೀಳುವ ಹಸಿಮೆಣಸಿನಕಾಯಿಯೂ ಅದೇ ಅಮೆರಿಕ ಖಂಡದ್ದು! ಈ ವಾದವನ್ನು ತಂದೆಯವರ ಮುಂದೆ ಹೂಡುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ.

ಕಾಲವೇ ವಾದ ಹೂಡಿತು. ತಂದೆಯವರ ಹಲ್ಲುಗಳು ಒಂದೊಂದಾಗಿ ವಿದಾಯ ಹೇಳಿದವು. ಕಟ್ಟಿಸಿದ ಹಲ್ಲು ಅವರಿಗೆ ಒಗ್ಗಲಿಲ್ಲ. ಆ ವರ್ಷದ ದೀಪಾವಳಿಯಂದು, "ನನಗೆ ಒಳಗೇ ಒಂದು ಲೋಟ ಗಂಜಿ ಕೊಟ್ಟುಬಿಡಿ" ಎಂದು ಪಂಕ್ತಿಯನ್ನೇ ಬಿಟ್ಟರು. ಮೊಮ್ಮಕ್ಕಳು ಚಕ್ಕುಲಿ ಕಡಿಯುವ ಸದ್ದು ಒಳಕೋಣೆಯವರೆಗೂ ಕೇಳಿಸುತ್ತಿತ್ತು.

ಮರುವರ್ಷ ಹಬ್ಬದ ಬೆಳಿಗ್ಗೆ ತಾಯಿಯವರು ಒಂದು ಕಿಲೋ ಆಲೂಗಡ್ಡೆಯನ್ನು ನನ್ನ ಮುಂದಿಟ್ಟು, "ಬೇಯಿಸು" ಎಂದರು.

"ಅಪ್ಪ ಏನೆನ್ನುತ್ತಾರೋ, ಅಮ್ಮ?"

"ಎಲೆಯ ಮುಂದೆ ಕೂತರೆ ಸಾಕು, ಆಮೇಲೆ ಏನಾದರೂ ಅನ್ನಲಿ."

ಸಿಪ್ಪೆಸಹಿತ ಬೇಯಿಸಿದರೆ ಗಡ್ಡೆ ನೀರು ಕುಡಿಯುವುದಿಲ್ಲ. ಬಿಸಿಯಿರುವಾಗಲೇ ಸುಲಿದು ಹಗುರವಾಗಿ ಮಸೆಯಬೇಕು. ಅತಿಯಾಗಿ ನಾದಿದರೆ ಒಳಗಿನ ಪಿಷ್ಟ ಬಿಡುಗಡೆಯಾಗಿ ಅಂಟಿನಂತಾಗುತ್ತದೆ. ತುಪ್ಪದಲ್ಲಿ ಇಂಗು, ತುರಿದ ಶುಂಠಿ, ಸಣ್ಣಗೆ ಹೆಚ್ಚಿದ ಕರಿಬೇವು ಮತ್ತು ಹಿತ್ತಲಿನ ನಾಲ್ಕು ದೊಡ್ಡಪತ್ರೆ ಎಲೆಗಳನ್ನು ಬಾಡಿಸಿ ಬೆರೆಸಿದೆ. ಬಿಸಿಗೆ ಪರಿಮಳ ಹಾರಿಹೋಗುವ ಕೊತ್ತಂಬರಿ ಸೊಪ್ಪನ್ನು ಕೊನೆಯಲ್ಲಿ, ನಿಂಬೆರಸದೊಡನೆ ಸೇರಿಸಿದೆ. ಒಗ್ಗರಣೆಗೆ ಕಡಲೆಬೇಳೆ ಹಾಕಲು ಹೋದಾಗ ತಾಯಿಯವರು ಕೈ ಹಿಡಿದರು: "ಅದನ್ನು ಅಗಿಯುವವರು ಯಾರು?"

ತಂದೆಯವರನ್ನು ಮೊಮ್ಮಗಳು ಕೈಹಿಡಿದು ಕರೆತಂದಳು. ಎಲೆಯ ಮೂಲೆಯಲ್ಲಿದ್ದ ಹಸುರುಮಿಶ್ರಿತ ಬಿಳಿಯ ಗುಡ್ಡೆಯನ್ನು ಅವರು ಕ್ಷಣಕಾಲ ನೋಡಿದರು. ಯಾರೂ ಉಸಿರೆತ್ತಲಿಲ್ಲ. ಬೆರಳ ತುದಿಯಲ್ಲಿ ತೆಗೆದು ಬಾಯಿಗಿಟ್ಟುಕೊಂಡು, "ದೊಡ್ಡಪತ್ರೆ ಹಾಕಿದ್ದೀರಿ" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಪರದೇಶದ್ದಾದರೂ ನಮ್ಮ ಮನೆಯ ಸಂಸ್ಕಾರ ಕಲಿತಿದೆ. ಇನ್ನೊಂದಿಷ್ಟು ಬಡಿಸು" ಎಂದರು. ತಾಯಿಯವರು ಬಡಿಸುವ ನೆಪದಲ್ಲಿ ಮುಖ ತಿರುಗಿಸಿಕೊಂಡರು.

ಹಬ್ಬದ ಸಾಮಾನಿನ ಪಟ್ಟಿಯನ್ನು ನಮ್ಮ ಮನೆಯಲ್ಲಿ ಬರೆಯುವವರು ಇಂದಿಗೂ ತಂದೆಯವರೇ. ಈ ಸಲದ ಪಟ್ಟಿಯ ಕಡೆಯ ಸಾಲಿನಲ್ಲಿ, ನಡುಗುವ ಅಕ್ಷರಗಳಲ್ಲಿ, 'ಆಲೂಗಡ್ಡೆ 2 ಕಿಲೋ' ಎಂದಿದೆ.